ಕಾಸ್ಟಿಂಗ್ ಮೇಲೆ ನಂಬರ್ ಕೆತ್ತೋಕೆ ಸ್ಪ್ರಿಂಗ್ ಟೂಲ್: ಯಾವುದು ತಗೊಳ್ಳಲಿ, ಹೇಗೆ ಸೆಟ್ ಮಾಡಲಿ?

ಬೆಳಗಾವಿ_ಪಂಪ್‌ಬಾಡಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಪಂಪ್ ಬಾಡಿ, ವಾಲ್ವ್ ಬಾಡಿ ಕಾಸ್ಟಿಂಗ್‌ಗಳನ್ನು (ಎರಕದ ಭಾಗಗಳನ್ನು) ವಿಎಂಸಿಯಲ್ಲಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಿಲ್ಲಿಂಗ್ ಮಷೀನಿನಲ್ಲಿ, ಮಾಡಿ ಕೊಡುತ್ತೇವೆ. ಎಲ್ಲಾ ಎಫ್‌ಜಿ 260 ದರ್ಜೆಯ ಬೀಡು ಕಬ್ಬಿಣ.

ಈಗ ಗಿರಾಕಿ ಪ್ರತಿ ಬಾಡಿ ಮೇಲೂ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹದಿಂದ ಹೊಯ್ದದ್ದು ಅನ್ನುವ ಗುರುತು), ಸೀರಿಯಲ್ ನಂಬರ್ ಎರಡೂ ಬೇಕು ಅಂತಿದ್ದಾರೆ. ಅಕ್ಷರದ ಎತ್ತರ 5 ಮಿ.ಮೀ., ಒಟ್ಟು 10 ಅಕ್ಷರ. ಜಾಗ ಯಾವುದು ಅಂದರೆ ಮಷೀನಿಂಗ್ ಆಗದ, ಕಾಸ್ಟಿಂಗ್ ಮೈ ಹಾಗೇ ಉಳಿದಿರುವ ಪಕ್ಕ. ಅಲ್ಲೇ ತೊಂದರೆ ಶುರು. ಮಷೀನ್ ಮಾಡಿದ ಮುಖದ ಮೇಲೆ ಜಾಬ್ (ಕೆಲಸಕ್ಕೆ ಹಾಕಿದ ಭಾಗ) ಕೂರುತ್ತದೆ, ಹಾಗಾಗಿ ಕೆತ್ತುವ ಜಾಗ ಒಂದು ಜಾಬ್‌ನಲ್ಲಿ 0.6 ಮಿ.ಮೀ. ಮೇಲೆ, ಇನ್ನೊಂದರಲ್ಲಿ 0.6 ಕೆಳಗೆ. ಮಾಮೂಲಿ 60 ಡಿಗ್ರಿ ವಿ ಟೂಲ್ ಹಾಕಿದರೆ ಒಂದರ ಮೇಲೆ ಗೆರೆಯೇ ಬೀಳಲ್ಲ, ಇನ್ನೊಂದರಲ್ಲಿ ತುದಿ ಮುರಿಯುತ್ತದೆ. ಕೈ ಪಂಚ್‌ನಲ್ಲಿ ಹೊಡೆದರೆ ಅಕ್ಷರ ಸೊಟ್ಟ ಅಂತ ವಾಪಸ್ ಬರುತ್ತದೆ.

ಸ್ಪ್ರಿಂಗ್ ಇರುವ ಕೆತ್ತನೆ ಟೂಲ್ ಸಿಗುತ್ತದೆ ಅಂತ ಗೊತ್ತು. ವಜ್ರದ ತುದಿಯದ್ದೊಂದು, ತಿರುಗುವ ಕಟರ್‌ನದ್ದೊಂದು. ನಮಗೆ ಯಾವುದು ಸರಿ? ಬಳಸಿದವರು ದಯವಿಟ್ಟು ವಿವರವಾಗಿ ಹೇಳಿ.

ಪೀಣ್ಯ_ಎರಡನೇ_ಹಂತ

ಸರ್, ನಿಮ್ಮ ಲೆಕ್ಕ ನೋಡಿದರೆ ಗಟ್ಟಿ ಟೂಲ್‌ನಲ್ಲಿ ಇದು ಆಗೋದೇ ಇಲ್ಲ. 60 ಡಿಗ್ರಿ ವಿ ಟೂಲ್ 0.15 ಆಳ ಹೋದರೆ ಗೆರೆಯ ಅಗಲ ಸುಮಾರು 0.17. ಮೈ 0.6 ಕೆಳಗಿದ್ದರೆ ಟೂಲ್ ಗಾಳಿಯಲ್ಲಿ ಓಡುತ್ತದೆ. 0.6 ಮೇಲಿದ್ದರೆ 0.75 ಆಳಕ್ಕೆ ನುಗ್ಗುತ್ತದೆ. ಚೂಪು ತುದಿಯ ಕಾರ್ಬೈಡ್ ಅಷ್ಟನ್ನು ತಡೆಯಲ್ಲ.

ಸ್ಪ್ರಿಂಗ್ ಟೂಲ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ಎಳೆಯುವ ಟೂಲ್. ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ಭಾಗ) ನಿಂತಿರುತ್ತದೆ, ವಜ್ರ ಅಥವಾ ಕಾರ್ಬೈಡ್ ತುದಿ ಮೈ ಮೇಲೆ ಗೀರುತ್ತಾ ಹೋಗುತ್ತದೆ. ಚಿಪ್ ಬರಲ್ಲ, ಲೋಹ ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಗೆರೆ ತೆಳು, ಆಳ ತೀರಾ ಕಡಿಮೆ. ಎರಡನೆಯದು ತಿರುಗುವ ಟೂಲ್. ಹೋಲ್ಡರ್ ಒಳಗೆ ಕಟರ್ ಮೇಲೆ ಕೆಳಗೆ ಜಾರುತ್ತದೆ, ಹಿಂದೆ ಸ್ಪ್ರಿಂಗ್ ಇರುತ್ತದೆ. ನಿಜವಾಗಿ ಕತ್ತರಿಸುತ್ತದೆ. ಮೂರನೆಯದಕ್ಕೆ ಮೂತಿ ಇರುತ್ತದೆ. ಆ ಮೂತಿ ಜಾಬ್ ಮೇಲೆ ಕೂತು ಜಾರುತ್ತದೆ, ಕಟರ್ ಮೂತಿಯಿಂದ ಎಷ್ಟು ಹೊರಗಿದೆಯೋ ಅಷ್ಟೇ ಆಳ. ನುಣುಪು ಶೀಟಿಗೆ ಬಹಳ ಚೆನ್ನಾಗಿದೆ. ಕಾಸ್ಟಿಂಗ್‌ನ ಒರಟು ಮೈಗೆ ಬೇಡ, ಮೂತಿ ಸವೆಯುತ್ತದೆ, ಮೈ ಮೇಲಿನ ಪ್ರತಿ ಗುಳ್ಳೆಯನ್ನೂ ಹತ್ತಿ ಇಳಿಯುತ್ತದೆ.

ನಿಮ್ಮ ಕೆಲಸಕ್ಕೆ ಎರಡನೆಯದು, ಅಂದರೆ ತಿರುಗುವ ಸ್ಪ್ರಿಂಗ್ ಟೂಲ್. ಒಂದು ಪ್ರಶ್ನೆ ಮಾತ್ರ: ಕೆತ್ತಿದ ಮೇಲೆ ಪೇಂಟ್ ಇದೆಯಾ?

ಬೆಳಗಾವಿ_ಪಂಪ್‌ಬಾಡಿ

ಇದೆ ಸರ್. ಪ್ರೈಮರ್, ಆಮೇಲೆ ಒಂದು ಕೋಟ್ ಪೇಂಟ್.

ಪೀಣ್ಯ_ಎರಡನೇ_ಹಂತ

ಹಾಗಾದರೆ ವಜ್ರ ಬಿಟ್ಟುಬಿಡಿ. ಎಳೆದ ಗೀರು ಪೇಂಟ್ ಕೆಳಗೆ ಮುಚ್ಚಿಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಕಾಸ್ಟಿಂಗ್ ಮೈಯಲ್ಲಿ ಮರಳಿನ ಕಣ ಅಂಟಿರುತ್ತದೆ. ವಜ್ರ ಗಟ್ಟಿ, ಆದರೆ ಪೆಟ್ಟು ತಡೆಯಲ್ಲ. ವೇಗವಾಗಿ ಹೋಗುವಾಗ ಮರಳಿನ ಕಣಕ್ಕೆ ಬಡಿದರೆ ತುದಿ ಚಕ್ಕೆ ಏಳುತ್ತದೆ.

ನಾಮಫಲಕ_ಮೈಸೂರು

ವಜ್ರದ ಪರವಾಗಿ ನಾನು ಎರಡು ಮಾತು ಹೇಳಲೇಬೇಕು. ನಾನು ಹಿತ್ತಾಳೆ, ಆನೊಡೈಸ್ ಆದ ಅಲ್ಯೂಮಿನಿಯಂ ಪ್ಯಾನೆಲ್, ಸ್ಟೇನ್‌ಲೆಸ್ ಫಲಕ ಮಾಡುತ್ತೇನೆ. ಅಲ್ಲಿ ವಜ್ರ ಕೊಡುವ ಗೆರೆಗೆ ಸಾಟಿ ಇಲ್ಲ. ಕಪ್ಪು ಆನೊಡೈಸ್ ಮೇಲೆ ಎಳೆದರೆ ಪದರ ಸೀಳಿ ಕೆಳಗಿನ ಬೆಳ್ಳಗಿನ ಲೋಹ ಹೊಳೆಯುತ್ತದೆ. ಬರ್ (ಅಂಚಿನಲ್ಲಿ ಏಳುವ ಚೂಪು ಎಳೆ) ಇಲ್ಲ, ಧೂಳಿಲ್ಲ, ಸದ್ದಿಲ್ಲ. ನಿಮಿಷಕ್ಕೆ 1500ರಿಂದ 2000 ಮಿ.ಮೀ. ಫೀಡ್‌ನಲ್ಲಿ (ಟೂಲ್ ಸಾಗುವ ವೇಗದಲ್ಲಿ) ಆರಾಮಾಗಿ ಓಡುತ್ತದೆ. ಬರೀ ಅಲ್ಯೂಮಿನಿಯಂ ಆದರೆ ತುದಿಗೆ ಲೋಹ ಅಂಟಿ ಗೆರೆ ಕಿತ್ತಂತೆ ಕಾಣುತ್ತದೆ. ಅದಕ್ಕೆ ಸ್ವಲ್ಪ ಸೀಮೆಎಣ್ಣೆ ಸವರಿ. ಹಿತ್ತಾಳೆಗೆ ಏನೂ ಬೇಡ.

90 ಡಿಗ್ರಿ ತುದಿ ಚೂಪು, ಗೆರೆ ಸಣ್ಣ. 120 ಡಿಗ್ರಿ ತುದಿ ಮೊಂಡು, ಆದರೆ ಬಾಳಿಕೆ ಜಾಸ್ತಿ, ಗೆರೆಯೂ ಅಗಲ. ಸ್ಟೇನ್‌ಲೆಸ್‌ಗೆ ನಾನು 120 ಬಿಟ್ಟು ಬೇರೆ ಹಾಕಲ್ಲ.

ಹಾಗಂತ ಬೆಳಗಾವಿಯವರ ಕೆಲಸಕ್ಕೆ ಪೀಣ್ಯ ಅಣ್ಣ ಹೇಳಿದ್ದೇ ಸರಿ. ಪೇಂಟ್ ಅಂದ ಮೇಲೆ ತಿರುಗುವ ಟೂಲೇ ಬೇಕು.

ಹವ್ಯಾಸಿ_3018

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಚಿಕ್ಕ 3018 ರೂಟರ್ (ಮೇಜಿನ ಮೇಲಿಡುವ ಕೆತ್ತನೆ ಮಷೀನ್) ಇದೆ, ಜಿಆರ್‌ಬಿಎಲ್ ಕಂಟ್ರೋಲರ್. ಇದಕ್ಕೂ ವಜ್ರದ ಸ್ಪ್ರಿಂಗ್ ಟೂಲ್ ಹಾಕಬಹುದಾ? ಹೈಟ್ ಮ್ಯಾಪ್ (ಮೈಯ ಏರಿಳಿತ ಮೊದಲೇ ಅಳೆದ ನಕ್ಷೆ) ಮಾಡಿಕೊಂಡರೆ ಸ್ಪ್ರಿಂಗ್ ಯಾಕೆ ಬೇಕು ಅಂತಾನೂ ಕೆಲವರು ಹೇಳ್ತಾರೆ.

ನಾಮಫಲಕ_ಮೈಸೂರು

ಖಂಡಿತ ಹಾಕಬಹುದು. ಸ್ಪಿಂಡಲ್ ಮಾತ್ರ ನಿಂತಿರಬೇಕು. ಕ್ಯಾಮ್ ಸಾಫ್ಟ್‌ವೇರ್‌ಗಳು (ಮಷೀನ್ ಪ್ರೋಗ್ರಾಂ ಬರೆದುಕೊಡುವ ಸಾಫ್ಟ್‌ವೇರ್‌ಗಳು) ತಾವೇ ಎಂ03, ಅಂದರೆ ಸ್ಪಿಂಡಲ್ ತಿರುಗಿಸುವ ಆಜ್ಞೆ, ಬರೆದುಬಿಡುತ್ತವೆ, ಪ್ರೋಗ್ರಾಂ ತೆರೆದು ಆ ಸಾಲು ತೆಗೆಯಿರಿ. ವಜ್ರದ ತುದಿ ಒಮ್ಮೆ ತಿರುಗಿದರೆ ಅಲ್ಲಿಗೆ ಫಲಕವೂ ಹೋಯಿತು, ತುದಿಯೂ ಹೋಯಿತು.

ಹೈಟ್ ಮ್ಯಾಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಷೀನ್ ಓಡಿಸುವ ಸಾಫ್ಟ್‌ವೇರ್‌ಗಳಾದ ಕ್ಯಾಂಡಲ್‌ನಲ್ಲಿದೆ, ಬಿಸಿಎನ್‌ಸಿಯಲ್ಲೂ ಇದೆ. ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಕೆತ್ತುವವರಿಗೆ ಅದೇ ದಾರಿ, ಯಾಕೆಂದರೆ ಅಲ್ಲಿ ತಾಮ್ರದ ಪದರ 0.035 ಮಿ.ಮೀ., ಆಳ ಕರಾರುವಾಕ್ಕಾಗಿ ಇರಬೇಕು. ಆದರೆ ಪ್ರತಿ ಜಾಬಿಗೂ ಹತ್ತಾರು ಕಡೆ ಮುಟ್ಟಿಸಿ ಅಳೆಯಬೇಕು. ಒಂದು ಫಲಕಕ್ಕಾದರೆ ಸರಿ. ಒಂದೇ ಥರದ ಜಾಬ್ ದಿನವಿಡೀ ಬಂದರೆ ಸ್ಪ್ರಿಂಗ್ ಗೆಲ್ಲುತ್ತದೆ.

ಮೈಕ್ರಾನ್_ಮೀಟರ್

ಟೂಲ್ ಜಾತಿ ತೀರ್ಮಾನ ಆಯಿತು. ಆದರೆ ಟೂಲ್ ಕೊಂಡವರು ಅರ್ಧದಲ್ಲಿ ಕೈಬಿಡುವುದು ಇನ್ನೊಂದು ಕಾರಣಕ್ಕೆ. ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಆಳ ಒಂದೇ ಸಮ ಬರಲ್ಲ. ಸ್ಪ್ರಿಂಗ್ ಕೊಡುವುದು ಒತ್ತಡ. ಆ ಒತ್ತಡ ಒಂದೇ ಸಮ ಇದ್ದರೆ ಮಾತ್ರ ಆಳವೂ ಒಂದೇ ಸಮ ಇರುತ್ತದೆ.

ನಿಮ್ಮದೇ ಅಂಕಿ ಹಿಡಿಯೋಣ. ಮೈ 0.6 ಮೇಲೆ ಕೆಳಗೆ. ಪ್ರೋಗ್ರಾಂನಲ್ಲಿ ಝಡ್ (ಟೂಲಿನ ಎತ್ತರ) ಮೈನಸ್ 1.5, ಅಂದರೆ ಮೈಯ ನಡು ಮಟ್ಟದಿಂದ 1.5 ಮಿ.ಮೀ. ಕೆಳಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ತಗ್ಗಿನಲ್ಲಿ ಸ್ಪ್ರಿಂಗ್ 0.9 ಒತ್ತುತ್ತದೆ, ದಿಬ್ಬದಲ್ಲಿ 2.1 ಒತ್ತುತ್ತದೆ. ಈಗ ಎರಡು ಸ್ಪ್ರಿಂಗ್ ನೋಡಿ.

ಒಂದು ಬಿಗಿ ಸ್ಪ್ರಿಂಗ್, ಮಿಲಿಮೀಟರಿಗೆ 6 ನ್ಯೂಟನ್, ಮೊದಲೇ ಒತ್ತಿಟ್ಟಿಲ್ಲ. ಒತ್ತಡ 5.4ರಿಂದ 12.6ರವರೆಗೆ ಓಡಾಡುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಒಂದೇ ನಂಬರಿನಲ್ಲಿ ಒಂದು ಅಕ್ಷರ ದಪ್ಪ, ಪಕ್ಕದ್ದು ತೆಳು ಆಗೋದು ಹೀಗೆ.

ಇನ್ನೊಂದು ಮೆದು ಸ್ಪ್ರಿಂಗ್, ಮಿಲಿಮೀಟರಿಗೆ 1.5 ನ್ಯೂಟನ್, ಆದರೆ ಹೋಲ್ಡರ್ ಒಳಗೇ 8 ನ್ಯೂಟನ್‌ವರೆಗೆ ಒತ್ತಿ ಕೂರಿಸಿದ್ದು. ಒತ್ತಡ 9.35ರಿಂದ 11.15. ಕಣ್ಣಿಗೆ ಗೊತ್ತೇ ಆಗಲ್ಲ.

ಹಾಗಾಗಿ ಉದ್ದನೆಯ, ಮೆದುವಾದ, ಮೊದಲೇ ಒತ್ತಿಟ್ಟ ಸ್ಪ್ರಿಂಗ್ ಇರುವ ಟೂಲ್ ಕೇಳಿ. ಒತ್ತಿ ಕೂರಿಸಲು ಹಿಂದೆ ಸ್ಕ್ರೂ ಇದ್ದರೆ ಇನ್ನೂ ಒಳ್ಳೆಯದು.

ಬೆಳಗಾವಿ_ಪಂಪ್‌ಬಾಡಿ

ಇದು ಯಾರೂ ಹೇಳಿರಲಿಲ್ಲರೀ! ಕ್ಯಾಟಲಾಗ್‌ನಲ್ಲಿ ಬರೀ "ಸ್ಟ್ರೋಕ್ 5 ಮಿ.ಮೀ." (ತುದಿ ಒಳಗೆ ಜಾರಬಲ್ಲ ದೂರ) ಅಂತ ಇದೆ. ಸ್ಪ್ರಿಂಗ್ ಎಷ್ಟು ಬಿಗಿ ಅಂತ ನಾವೇ ಅಳೆಯೋದು ಹೇಗೆ?

ಮೈಕ್ರಾನ್_ಮೀಟರ್

ಸುಲಭ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮಷೀನ್ ಟೇಬಲ್ ಮೇಲೆ ತಕ್ಕಡಿ ಇಡಿ. ಮೇಲೆ ಒಂದು ಚಿಕ್ಕ ಉಕ್ಕಿನ ತುಂಡು ಇಟ್ಟು ಸೊನ್ನೆ ಮಾಡಿ. ಟೂಲ್ ಸ್ಪಿಂಡಲ್‌ನಲ್ಲಿರಲಿ, ಸ್ಪಿಂಡಲ್ ನಿಂತಿರಲಿ. ಹ್ಯಾಂಡ್‌ವೀಲ್‌ನಲ್ಲಿ 0.01 ಗುಣಕ ಇಟ್ಟು ನಿಧಾನ ಇಳಿಸಿ. ತುದಿ ಮುಟ್ಟಿದ ತಕ್ಷಣ ಗ್ರಾಂ ಜಿಗಿಯುತ್ತದೆ, ಜಿಗಿದು ನಿಲ್ಲುವ ಅಂಕಿಯೇ ಮೊದಲೇ ಒತ್ತಿಟ್ಟ ಒತ್ತಡ. ಅಲ್ಲಿಂದ ಪ್ರತಿ 0.5 ಮಿ.ಮೀ.ಗೆ ಓದಿ ಬರೆದುಕೊಳ್ಳಿ. 1 ಕೆಜಿ ಅಂದರೆ 9.8 ನ್ಯೂಟನ್. ತಕ್ಕಡಿಯ ಮಿತಿ 5 ಕೆಜಿ ಅಂತಿದ್ದರೆ ಅದನ್ನು ದಾಟಬೇಡಿ.

ಏರುವಾಗ ಓದಿದ್ದು, ಇಳಿಯುವಾಗ ಓದಿದ್ದು ಎರಡನ್ನೂ ಹೋಲಿಸಿ. ಬಹಳ ವ್ಯತ್ಯಾಸ ಇದ್ದರೆ ಒಳಗೆ ಜಾರುವ ಭಾಗ ಬಿಗಿಯಾಗಿದೆ ಅಂತ ಅರ್ಥ. ಹಾಗಿದ್ದರೆ ತುದಿ ದಿಬ್ಬ ಹತ್ತುತ್ತದೆ, ತಗ್ಗಿಗೆ ಸರಿಯಾಗಿ ಇಳಿಯಲ್ಲ. ಬಿಚ್ಚಿ ತೊಳೆದು ತೆಳು ಎಣ್ಣೆ ಹಾಕಿ. ಗ್ರೀಸ್ ಬೇಡ, ಬೀಡಿನ ಪುಡಿ ಸೇರಿ ಅಂಟಾಗುತ್ತದೆ.

ಪೀಣ್ಯ_ಎರಡನೇ_ಹಂತ

ಸರಿಯಾದ ಮಾತು. ಇದರ ಜೊತೆಗೆ ಸೆಟ್ಟಿಂಗ್ ವಿಷಯ ಸೇರಿಸುತ್ತೇನೆ, ಆಪರೇಟರ್‌ಗಳಿಗೆ ಗೊಂದಲ ಆಗೋದೇ ಇಲ್ಲಿ.

ಟೂಲ್ ಲೆಂಗ್ತ್ ಆಫ್‌ಸೆಟ್ (ಮಷೀನಿಗೆ ಕೊಡುವ ಟೂಲಿನ ಉದ್ದ) ತಗೊಳ್ಳುವಾಗ ತುದಿ ಪೂರ್ತಿ ಹೊರಗೆ ಚಾಚಿರಬೇಕು. ಮುಟ್ಟಿ ಅಳೆಯುವ ಟೂಲ್ ಸೆಟ್ಟರ್‌ಗೆ ಒತ್ತಲು ಸ್ವಲ್ಪ ಬಲ ಬೇಕು. ಸ್ಪ್ರಿಂಗ್ ಮೆದು ಇದ್ದರೆ ಸೆಟ್ಟರ್ ಸಿಗ್ನಲ್ ಕೊಡುವ ಮೊದಲೇ ತುದಿ ಒಳಗೆ ಹೋಗುತ್ತದೆ, ಉದ್ದ ಕಡಿಮೆ ತೋರಿಸುತ್ತದೆ. ಲೇಸರ್ ಸೆಟ್ಟರ್ ಇದ್ದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಗೇಜ್ ಬ್ಲಾಕ್ ಮೇಲೆ ಕಾಗದ ಇಟ್ಟು ಹಿಡಿಯಿರಿ.

ಮೇಲೆತ್ತುವ ಎತ್ತರ ಇನ್ನೊಂದು. ಗಟ್ಟಿ ಟೂಲ್‌ಗೆ ಅಕ್ಷರದಿಂದ ಅಕ್ಷರಕ್ಕೆ 0.5 ಎತ್ತಿದರೆ ಸಾಕು. ಇಲ್ಲಿ ಹಾಗಲ್ಲ. ಮೈ 0.6 ಮೇಲಿರಬಹುದು ಅಂದ ಮೇಲೆ ಝಡ್ ಪ್ಲಸ್ 0.5 ಅಂದರೆ ತುದಿ ಇನ್ನೂ ಜಾಬ್ ಮೇಲೇ ಇದೆ. ಆಗ ಅಕ್ಷರಗಳ ನಡುವೆ ಗೀರು ಬೀಳುತ್ತದೆ. ಪ್ಲಸ್ 3 ಇಡಿ. ಒಂದೆರಡು ಸೆಕೆಂಡ್ ಹೋಗುತ್ತದೆ, ಹೋಗಲಿ.

ಸ್ಟ್ರೋಕ್ 5 ಅಂತ 4.5 ಒತ್ತಬೇಡಿ. ಫೆಟ್ಲಿಂಗ್‌ನಲ್ಲಿ (ಎರಕ ಶುಚಿ ಮಾಡುವಾಗ) ಉಳಿದ ಗೇಟ್ ತುಂಡು (ಲೋಹ ಹರಿದು ಬಂದ ದಾರಿಯ ತುಣುಕು), ಬರ್ ಏನಾದರೂ ಸಿಕ್ಕರೆ ಸ್ಪ್ರಿಂಗ್ ತಳ ಮುಟ್ಟುತ್ತದೆ. ಆಮೇಲೆ ಅದು ಗಟ್ಟಿ ಟೂಲೇ, ಮುರಿಯುತ್ತದೆ. ಮೈಕ್ರಾನ್_ಮೀಟರ್ ಹೇಳಿದ 1.5 ಸರಿಯಾಗಿದೆ.

ಮೈಕ್ರಾನ್_ಮೀಟರ್

ಸ್ಪೀಡ್, ಫೀಡ್ ಬಗ್ಗೆ: ತಿರುಗುವ ಸ್ಪ್ರಿಂಗ್ ಟೂಲ್‌ನಲ್ಲಿ ಆಳ ನಿರ್ಧಾರ ಆಗೋದು ಸ್ಪ್ರಿಂಗ್ ಒತ್ತಡ, ಫೀಡ್ ಎರಡೂ ಸೇರಿ. ನಿಧಾನ ಹೋದರೆ ಆಳ ಜಾಸ್ತಿ, ಬೇಗ ಹೋದರೆ ಕಡಿಮೆ. ಹಾಗಾಗಿ ಮೂಲೆಗಳಲ್ಲಿ, ಶುರುವಿನಲ್ಲಿ, ಕೊನೆಯಲ್ಲಿ ಮಷೀನ್ ನಿಂತಂತಾದರೆ ಅಲ್ಲಿ ಚುಕ್ಕೆಯಂಥ ಗುಳಿ ಬೀಳುತ್ತದೆ. 4, 7ರ ಮೂಲೆ ನೋಡಿದರೆ ಗೊತ್ತಾಗುತ್ತದೆ. ಜಿ04 (ಸ್ವಲ್ಪ ಹೊತ್ತು ನಿಲ್ಲುವ ಆಜ್ಞೆ) ಎಲ್ಲೂ ಇರಬಾರದು. ಪ್ರತಿ ಮೂಲೆಯಲ್ಲೂ ನಿಲ್ಲಿಸುವ ಜಿ61 ಬೇಡ, ನಿಲ್ಲದೆ ಓಡಿಸುವ ಜಿ64 ಇರಲಿ. ಫ್ಯಾನಕ್ ಕಂಟ್ರೋಲರ್‌ನಲ್ಲಿ ಜಿ05.1 ಕ್ಯೂ1 (ಮುಂದಿನ ದಾರಿ ನೋಡಿ ವೇಗ ಹೊಂದಿಸುವ ಆಜ್ಞೆ) ಇದ್ದರೆ ಹಾಕಿ, ಇಲ್ಲದಿದ್ದರೂ ನಡೆಯುತ್ತದೆ. ಸಾಧ್ಯವಾದರೆ ನೇರ ಇಳಿಯದೆ ಗೆರೆಯ ದಾರಿಯಲ್ಲೇ ಓರೆಯಾಗಿ ಇಳಿಯಿರಿ.

6000 ಆರ್‌ಪಿಎಂ, ಒಂದೇ ಅಂಚಿನ ಕಟರ್, ಅಂಚಿಗೆ 0.04 ಅಂದರೆ ನಿಮಿಷಕ್ಕೆ 240 ಮಿ.ಮೀ. ಇದರಿಂದ ಶುರು ಮಾಡಿ. 10 ಅಕ್ಷರಕ್ಕೆ ಒಟ್ಟು ಗೆರೆ ಹೆಚ್ಚು ಕಡಿಮೆ 150 ಮಿ.ಮೀ. ಆದರೆ ಕಟಿಂಗ್ ಸಮಯ 40 ಸೆಕೆಂಡ್ ಒಳಗೇ. ಹೋಲ್ಡರ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ದಾಟಲೇಬೇಡಿ. ಒಳಗೆ ಜಾರುವ ಭಾಗ ಇರುವ ಹೋಲ್ಡರ್ ಇದು, ಮಾಮೂಲಿ ಕಾಲೆಟ್ ಥರ ಅಲ್ಲ.

ಕ್ವಾಲಿಟಿ_ಶಿವಮೊಗ್ಗ

ಒಂದು ವಿಷಯ ಬಿಟ್ಟುಹೋಗಿದೆ. ವಾಲ್ವ್ ಬಾಡಿ ಅಂದಿದ್ದೀರಿ. ಡ್ರಾಯಿಂಗ್‌ನಲ್ಲಿ ಗುರುತು ಹಾಕುವ ವಿಧಾನ ಏನು ಅಂತ ಮೊದಲು ಓದಿ. ಒತ್ತಡ ತಡೆಯುವ ಭಾಗಗಳ ಮೇಲೆ ಚೂಪಾದ ವಿ ಗೆರೆ ಬೇಡ ಅನ್ನುವ ಗಿರಾಕಿಗಳಿದ್ದಾರೆ, ಚೂಪು ಗೆರೆಯ ತಳದಲ್ಲಿ ಬಿರುಕು ಶುರುವಾಗಬಹುದು ಅಂತ. ದುಂಡು ತುದಿಯ ಟೂಲ್ ಅಥವಾ ಚುಕ್ಕೆ ಹೊಡೆಯುವ ವಿಧಾನ ಕೇಳುತ್ತಾರೆ. ಜಾಗವನ್ನೂ ಗುರುತಿಸಿರುತ್ತಾರೆ. ತೆಳು ಗೋಡೆ ಮೇಲೆ ಬೇಡ, ದಪ್ಪ ಬಾಸ್ (ಎರಕದಲ್ಲಿ ಉಬ್ಬಿದ ಭಾಗ) ಅಥವಾ ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಗಲ ಅಂಚು) ಅಂಚಿನಲ್ಲಿ ಹಾಕಿ. ಲಿಖಿತವಾಗಿ ಒಪ್ಪಿಗೆ ತಗೊಂಡು ಶುರು ಮಾಡಿ.

ಬೆಳಗಾವಿ_ಪಂಪ್‌ಬಾಡಿ

ಡ್ರಾಯಿಂಗ್ ತೆಗೆದು ನೋಡಿದೆ ಮೇಡಂ. "ಕೆತ್ತನೆ, ಆಳ 0.1ರಿಂದ 0.3" ಅಂತಿದೆ. ವಿಧಾನ ಬರೆದಿಲ್ಲ. ಜಾಗ ಫ್ಲ್ಯಾಂಜ್ ಪಕ್ಕದ ಬಾಸ್. ಇಮೇಲ್ ಹಾಕಿ ಕೇಳುತ್ತೇನೆ.

ಫೈಬರ್_ಲೇಸರ್_ಪ್ರಿಯ

ಇಷ್ಟೆಲ್ಲಾ ಯಾಕೆ? ಫೈಬರ್ ಲೇಸರ್ ಮಾರ್ಕಿಂಗ್ ಮಷೀನ್ ಹಾಕಿ ಮುಗಿಸಿ. ಸ್ಪ್ರಿಂಗ್, ತುದಿ ಯಾವ ಚಿಂತೆಯೂ ಇಲ್ಲ.

ಪೀಣ್ಯ_ಎರಡನೇ_ಹಂತ

ಲೇಸರ್ ಒಳ್ಳೆಯ ಮಷೀನ್, ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ಎರಡು ತೊಡಕು. ಪೇಂಟ್ ಕೆಳಗೂ ಕಾಣುವ ಆಳ ಬೇಕಾದರೆ ಲೇಸರ್ ಅದೇ ಜಾಗದಲ್ಲಿ ಮತ್ತೆ ಮತ್ತೆ ಓಡಬೇಕು, ಕಾಸ್ಟಿಂಗ್ ಮೈಯಲ್ಲಿ ಅದು ನಿಧಾನ. ಇನ್ನೊಂದು, ಜಾಬ್ ವಿಎಂಸಿಯಿಂದ ಇಳಿದು ಇನ್ನೊಂದು ಟೇಬಲ್‌ಗೆ ಹೋಗಬೇಕು. ಯಾವ ಬಾಡಿಗೆ ಯಾವ ಹೀಟ್ ನಂಬರ್ ಅನ್ನೋದು ಅದಲು ಬದಲು ಆಗುವುದು ಅಂಥ ಕಡೆಯೇ. ಫಿಕ್ಸ್ಚರ್‌ನಲ್ಲಿ ಇದ್ದಾಗಲೇ ನಂಬರ್ ಬಿದ್ದರೆ ಆ ಭಯ ಕಡಿಮೆ. ಟೂಲ್ ಮ್ಯಾಗಜೀನ್‌ನಲ್ಲಿ ಒಂದು ಪಾಕೆಟ್ ಕೊಟ್ಟರೆ ಮುಗಿಯಿತು.

ಸೀರಿಯಲ್ ನಂಬರ್ ತಾನಾಗಿ ಏರಲು: ಹಾಸ್ ಕಂಪನಿಯ ಮಷೀನ್ ಆದರೆ ಕೆತ್ತನೆಯ ಆಜ್ಞೆ ಜಿ47 ಪಿ1 ಇದೆ, ಪಿ0 ಮಾಮೂಲಿ ಬರಹಕ್ಕೆ. ಫ್ಯಾನಕ್ ಆದರೆ ಕಸ್ಟಮ್ ಮ್ಯಾಕ್ರೋ (ಪ್ರೋಗ್ರಾಂನಲ್ಲಿ ಲೆಕ್ಕ, ಎಣಿಕೆ ಮಾಡುವ ಸೌಲಭ್ಯ) ಇರಬೇಕು. ಪ್ರತಿ ಅಂಕಿಗೂ ಒಂದೊಂದು ಸಬ್ ಪ್ರೋಗ್ರಾಂ ಬರೆಯಿರಿ. ಎಣಿಕೆಯನ್ನು 500ರ ಸರಣಿಯ ವೇರಿಯಬಲ್‌ನಲ್ಲಿಡಿ. 100ರ ಸರಣಿಯಲ್ಲಿಟ್ಟರೆ ಸಾಮಾನ್ಯವಾಗಿ ಕರೆಂಟ್ ಹೋದಾಗ ಅಳಿಸಿಹೋಗುತ್ತದೆ. ಎಣಿಕೆ ಏರಿಸುವ ಸಾಲು ಕೆತ್ತನೆ ಮುಗಿದ ಮೇಲೆ ಬರಲಿ, ಮೊದಲು ಬೇಡ.

ಹವ್ಯಾಸಿ_3018

ಪೈಪಿನ ಮೇಲೆ ಕೆತ್ತಲು ಸ್ಪ್ರಿಂಗ್ ಟೂಲ್ ಸಾಕಾಗುತ್ತಾ, ಅಥವಾ ನಾಲ್ಕನೇ ಆಕ್ಸಿಸ್ ಬೇಕೇ ಬೇಕಾ?

ಮೈಕ್ರಾನ್_ಮೀಟರ್

ಪೈಪ್ ದಪ್ಪ ಇದ್ದು ಬರಹ ಚಿಕ್ಕದಿದ್ದರೆ ಸಾಕು. 100 ವ್ಯಾಸದ ಪೈಪಿನ ಮೇಲೆ ಅಡ್ಡಕ್ಕೆ 20 ಮಿ.ಮೀ. ಬರಹ ಅಂದರೆ ಅಂಚಿನಲ್ಲಿ ಮೈ 1 ಮಿ.ಮೀ. ಇಳಿದಿರುತ್ತದೆ. ಸ್ಪ್ರಿಂಗ್ ಅದನ್ನು ಹಿಡಿಯುತ್ತದೆ. 30 ಮಿ.ಮೀ. ಮಾಡಿದರೆ ಇಳಿತ 2.3 ಆಗುತ್ತದೆ, ಅಕ್ಷರವೂ ಅಂಚಿನಲ್ಲಿ ಹಿಗ್ಗಿದಂತೆ ಕಾಣುತ್ತದೆ. ಬರಹವನ್ನು ಪೈಪಿನ ಉದ್ದಕ್ಕೆ ತಿರುಗಿಸಿ ಬರೆದರೆ ಈ ತಾಪತ್ರಯವೇ ಇಲ್ಲ.

ಕ್ವಾಲಿಟಿ_ಶಿವಮೊಗ್ಗ

ಮೈಸೂರಿನವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಕಂಪನಿಯ ಫಲಕಗಳಲ್ಲಿ ಕನ್ನಡವೂ ಇರಲಿ ಅಂತ ಒತ್ತಾಯಿಸುತ್ತಿದ್ದೇನೆ. "ಕನ್ನಡ ಅಕ್ಷರ ಮಷೀನಲ್ಲಿ ಬರಲ್ಲ, ಒತ್ತಕ್ಷರ ಒಡೆಯುತ್ತದೆ" ಅಂತ ಪ್ರೋಗ್ರಾಂ ಮಾಡುವವರು ಹೇಳುತ್ತಾರೆ. ನಿಜವಾ?

ನಾಮಫಲಕ_ಮೈಸೂರು

ಬರುತ್ತದೆ ಮೇಡಂ, ಚೆನ್ನಾಗಿಯೇ ಬರುತ್ತದೆ. ಒಡೆಯುವುದು ಕ್ಯಾಮ್ ಸಾಫ್ಟ್‌ವೇರ್‌ನ ಬರಹದ ಸಲಕರಣೆಯಲ್ಲಿ. ಯುನಿಕೋಡ್ ಕನ್ನಡ ಕೊಟ್ಟರೆ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಕೂಡಿಸಲು ಬರಲ್ಲ. "ಕ್ಷ" ಕೊಟ್ಟರೆ ಕ್ ಬೇರೆ, ಷ ಬೇರೆ. ಹಾಗಾಗಿ ಅಲ್ಲಿ ಟೈಪ್ ಮಾಡಲೇಬೇಡಿ. ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ನೋಟೋ ಸ್ಯಾನ್ಸ್ ಕನ್ನಡ ಅಥವಾ ನಿಮಗಿಷ್ಟದ ಯುನಿಕೋಡ್ ಫಾಂಟ್ ಇಟ್ಟು ಟೈಪ್ ಮಾಡಿ, ಅಲ್ಲಿ ಎಲ್ಲಾ ಸರಿಯಾಗಿ ಕೂಡುತ್ತದೆ. ಆಮೇಲೆ ಬರಹವನ್ನು ಪಾತ್ (ಗೆರೆಗಳು) ಮಾಡಿ, ಯೂನಿಯನ್ ಕೊಟ್ಟು ತುಂಡುಗಳನ್ನು ಒಂದಾಗಿಸಿ, ಡಿಎಕ್ಸ್‌ಎಫ್ ಫೈಲ್ ಆಗಿ ಕಳಿಸಿ. ಯೂನಿಯನ್ ಮರೆತರೆ ಗುಣಿತದ ಕೊಂಬು, ಒತ್ತು ಎಲ್ಲಾ ಒಂದರ ಮೇಲೊಂದು ಹಾದು ಒಳಗೆ ಅಡ್ಡ ಗೆರೆ ಬರುತ್ತದೆ. ಹಳೆಯ ನುಡಿ ಫಾಂಟ್‌ಗಳು ಯುನಿಕೋಡ್ ಅಲ್ಲ, ಪ್ರತಿ ತುಂಡೂ ಬೇರೆ ಬೇರೆ ಆಕಾರ. ಹಾಗಾಗಿ ಅವು ಹಳೆಯ ಸಾಫ್ಟ್‌ವೇರ್‌ನಲ್ಲೂ ಸರಿಯಾಗಿ ಕಾಣುತ್ತವೆ. ನಮ್ಮ ಊರಿನ ಎಷ್ಟೋ ಬೋರ್ಡ್ ಅಂಗಡಿಗಳಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ.

ಸ್ಪ್ರಿಂಗ್ ಟೂಲ್‌ಗೆ ಇನ್ನೊಂದು ಹೆಜ್ಜೆ ಇದೆ. ಫಾಂಟ್ ಅಂದರೆ ಹೊರಗೆರೆ. ಅದನ್ನೇ ಎಳೆದರೆ ಅಕ್ಷರ ಟೊಳ್ಳಾಗಿ, ಎರಡು ಗೆರೆಯಲ್ಲಿ ಬರುತ್ತದೆ. 15 ಮಿ.ಮೀ.ಗಿಂತ ದೊಡ್ಡದಾದರೆ ಚಂದವೇ. 5 ಮಿ.ಮೀ. ಅಕ್ಷರಕ್ಕೆ ಒಂಟಿ ಗೆರೆ ಬೇಕು. ಇಂಗ್ಲಿಷ್‌ಗೆ ಇಂಕ್‌ಸ್ಕೇಪ್‌ನ ಹರ್ಶೆ ಬರಹ ಇದೆ, ಕನ್ನಡಕ್ಕೆ ಅದು ಆಗಲ್ಲ. ನಡುಗೆರೆ ಹಿಡಿಯುವ ಸಲಕರಣೆಗಳಿವೆ, ಆದರೆ ತಲೆಕಟ್ಟು ಕೂಡುವ ಜಾಗದಲ್ಲಿ ಸಣ್ಣ ಸೊಟ್ಟ ಉಳಿಯುತ್ತದೆ. ನಾನು ಫಾಂಟನ್ನು ಕೆಳಗೆ ಮಸುಕಾಗಿ ಇಟ್ಟು ಮೇಲೆ ಕೈಯಿಂದಲೇ ಬೆಜಿಯರ್ ಗೆರೆ ಎಳೆಯುತ್ತೇನೆ. ಹೊತ್ತು ಹಿಡಿಯುತ್ತದೆ. ಆದರೆ ಒಮ್ಮೆ ಮಾಡಿದ ಅಕ್ಷರ ಜೋಪಾನವಾಗಿಟ್ಟರೆ ಯಾವಾಗಲೂ ಕೆಲಸಕ್ಕೆ ಬರುತ್ತದೆ.

ಕನ್ನಡ ದುಂಡು ಲಿಪಿ, ಹಾಗಾಗಿ ಟೂಲಿನ ಸಡಿಲ ತಕ್ಷಣ ಕಾಣುತ್ತದೆ. "ಠ" ಬರೆಯಿಸಿ ನೋಡಿ. ಶುರುವಾದ ಜಾಗಕ್ಕೇ ಗೆರೆ ಬಂದು ಸೇರಬೇಕು. ಸೇರದಿದ್ದರೆ ತುದಿ ಪಕ್ಕಕ್ಕೆ ಅಲ್ಲಾಡುತ್ತಿದೆ, ಇಲ್ಲವೇ ಮಷೀನಿನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಇದೆ. ತುದಿಗೆ ಡಯಲ್ ಗೇಜ್ (ಮುಳ್ಳಿರುವ ಅಳತೆ ಸಾಧನ) ಇಟ್ಟು ಬೆರಳಲ್ಲಿ ಪಕ್ಕಕ್ಕೆ ತಳ್ಳಿ. ಮುಳ್ಳು 0.02ಕ್ಕಿಂತ ಜಾಸ್ತಿ ಓಡಿದರೆ ಸಣ್ಣ ಒತ್ತಕ್ಷರಕ್ಕೆ ಆ ಟೂಲ್ ನಾನು ಹಾಕಲ್ಲ. ಗೆರೆಯನ್ನು ಕೊನೆಯಲ್ಲಿ 0.2 ಮುಂದೆ ಎಳೆದು ಶುರುವಿನ ಮೇಲೆ ಹಾಯಿಸಿದರೆ ಸೇರುವ ಜಾಗ ಅಂದವಾಗಿ ಬರುತ್ತದೆ.

ನಿಮ್ಮ ಫಲಕದ ಬರಹ ಇಲ್ಲಿ ಹಾಕಿ ಮೇಡಂ, ಅದರಲ್ಲಿರುವ ಅಕ್ಷರಗಳನ್ನು ಒಂಟಿ ಗೆರೆಯಲ್ಲಿ ಮಾಡಿ ಫೈಲ್ ಕಳಿಸುತ್ತೇನೆ. ಯಾರು ಬೇಕಾದರೂ ಬಳಸಲಿ.

ಕ್ವಾಲಿಟಿ_ಶಿವಮೊಗ್ಗ

ಬಹಳ ಉಪಕಾರವಾಯಿತು. "ಎಚ್ಚರಿಕೆ: ಒತ್ತಡ ಇಳಿದ ನಂತರವೇ ಮುಚ್ಚಳ ತೆರೆಯಿರಿ" ಅನ್ನೋದು ಬೇಕು. ಇದನ್ನು ಓದಬೇಕಾದವರು ಕೆಲಸದವರು. ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ನನ್ನ ಹಟ.

ಬೆಳಗಾವಿ_ಪಂಪ್‌ಬಾಡಿ

ಗಿರಾಕಿಯಿಂದ ಒಪ್ಪಿಗೆ ಬಂತು, ತಿರುಗುವ ಟೂಲೇ ತರಿಸಿದೆವು. ತಕ್ಕಡಿ ಮೇಲೆ ಅಳೆದೆವು: ಮುಟ್ಟಿದ ತಕ್ಷಣ 700 ಗ್ರಾಂ, ಆಮೇಲೆ ಪ್ರತಿ ಮಿಲಿಮೀಟರಿಗೆ 200 ಗ್ರಾಂ ಹತ್ತಿರ. ಫೀಡ್ 240, ಝಡ್ ಮೈನಸ್ 1.5, ಎತ್ತುವುದು ಪ್ಲಸ್ 3. ಪ್ರೈಮರ್ ಹೊಡೆದ ಮೇಲೂ ನಂಬರ್ ಓದಲು ಬರುತ್ತದೆ. ಒಂದೇ ಕೊರತೆ: 1ರ ಕೊನೆಯಲ್ಲಿ ಇನ್ನೂ ಗುಳಿ ಕಾಣುತ್ತದೆ. ಬೇರೆ ಅಂಕಿಗಳಲ್ಲಿ ಇಲ್ಲ.

ಮೈಕ್ರಾನ್_ಮೀಟರ್

1ರ ಸಬ್ ಪ್ರೋಗ್ರಾಂ ತೆರೆದು ನೋಡಿ. ಗೆರೆ ಮುಗಿದ ಮೇಲೆ ಝಡ್ ಎತ್ತುವುದು ಜಿ01ನಲ್ಲಿದ್ದರೆ (ಫೀಡ್ ವೇಗದಲ್ಲಿ ನಿಧಾನ ಸಾಗುವ ಆಜ್ಞೆ) ತುದಿ ಅಲ್ಲೇ ತಿರುಗುತ್ತಾ ಇರುತ್ತದೆ. ನೆನಪಿಡಿ, ಸ್ಪ್ರಿಂಗ್ 1.5 ಬಿಚ್ಚಿಕೊಳ್ಳುವವರೆಗೆ ತುದಿ ಜಾಬ್ ಬಿಟ್ಟು ಏಳಲ್ಲ. 240 ಫೀಡ್‌ನಲ್ಲಿ ಅದಕ್ಕೆ ಅರ್ಧ ಸೆಕೆಂಡಿಗೆ ಹತ್ತಿರ ಬೇಕು. ಜಿ00 (ಪೂರ್ತಿ ವೇಗದಲ್ಲಿ ಸಾಗುವ ಆಜ್ಞೆ) ಮಾಡಿ.

ಬೆಳಗಾವಿ_ಪಂಪ್‌ಬಾಡಿ

ಹೌದು ಸರ್, 1ರಲ್ಲಿ ಮಾತ್ರ ಜಿ01 ಇತ್ತು. ಬದಲಾಯಿಸಿದೆ, ಗುಳಿ ಹೋಯಿತು.